ಎಚ್ಚರ ವಹಿಸುವ ಹೊಣೆ ಯಾರದು? ಅವಘಡವಾದಾಗ ಹೆಜ್ಜೆ ಹೆಜ್ಜೆಯಾಗಿ ನೋಡಿಕೊಳ್ಳುವ ಬಗೆ

ನಮ್ಮ ಬೀದಿಯಲ್ಲಿ ನೀರಿನ ಪೈಪಿಗೆಂದು ತೋಡಿದ ಕಾಲುವೆಯನ್ನು ಒಂಬತ್ತು ದಿನ ಹಾಗೇ ಬಿಟ್ಟಿದ್ದರು. ಸುತ್ತ ಹಗ್ಗವಿಲ್ಲ, ಕೆಂಪು ದೀಪವಿಲ್ಲ, ಅಡ್ಡ ಇಟ್ಟ ಒಂದು ಕಲ್ಲೂ ಇಲ್ಲ. ಹತ್ತನೆಯ ದಿನ ನಸುಕಿನಲ್ಲಿ ಹಾಲು ತರಲು ಹೊರಟ ನೆರೆಮನೆಯ ಅಜ್ಜಿ ಅದರೊಳಗೆ ಬಿದ್ದು ತೊಡೆಯ ಮೂಳೆ ಮುರಿದುಕೊಂಡರು. ಗುತ್ತಿಗೆದಾರನನ್ನು ಕೇಳಿದರೆ ಸ್ಥಳೀಯ ಸಂಸ್ಥೆಯ ಕಚೇರಿಯತ್ತ ಬೆರಳು ಮಾಡಿದ. ಕಚೇರಿಯವರು ಗುತ್ತಿಗೆದಾರನತ್ತ ಬೆರಳು ಮಾಡಿದರು. ಇಬ್ಬರೂ ಒಪ್ಪಿದ್ದು ಒಂದೇ ಮಾತು: "ಅಜ್ಜಿ ನೋಡ್ಕೊಂಡು ನಡೀಬೇಕಿತ್ತು."

ವಕೀಲನಾಗಿ ಇಂಥ ಮಾತನ್ನು ನಾನು ಬಹಳ ಸಲ ಕೇಳಿದ್ದೇನೆ. ನೊಂದವರ ಮನೆಯವರು ನನ್ನೆದುರು ಕೂತು ಮೊದಲು ಹೇಳುವುದು ಗಾಯದ ವಿಚಾರ, ಆಮೇಲೆ ಖರ್ಚಿನ ವಿಚಾರ. ನ್ಯಾಯಾಲಯ ಮೊದಲು ಕೇಳುವುದು ಬೇರೆ: ಎದುರಿನವರಿಗೆ ನಿಮ್ಮ ಬಗ್ಗೆ ಎಚ್ಚರ ವಹಿಸುವ ಹೊಣೆ ಇತ್ತೇ? ನಾವು ವಕೀಲರು 'ಡ್ಯೂಟಿ ಆಫ್ ಕೇರ್' ಎನ್ನುವುದು ಇದನ್ನೇ. ಹೊಣೆ ಇತ್ತು ಎಂದಾದ ಮೇಲಷ್ಟೇ ಅದನ್ನು ಮುರಿದರೇ, ಮುರಿದದ್ದರಿಂದಲೇ ಹಾನಿಯಾಯಿತೇ ಎಂಬ ಪ್ರಶ್ನೆಗಳು ಬರುತ್ತವೆ. ಮೊದಲ ಪ್ರಶ್ನೆಗೆ 'ಇಲ್ಲ' ಎಂಬ ಉತ್ತರ ಬಂದರೆ ಎಷ್ಟು ದೊಡ್ಡ ಗಾಯವಾಗಿದ್ದರೂ ನಿರ್ಲಕ್ಷ್ಯದ ದಾವೆ ನಿಲ್ಲುವುದಿಲ್ಲ. ಆ ಒಂದು ಪ್ರಶ್ನೆಯನ್ನು ಮನೆಯಲ್ಲೇ ಕೂತು ಬಿಡಿಸಿಕೊಳ್ಳುವುದು ಹೇಗೆಂದು ಹೇಳುತ್ತೇನೆ. ಒಂದು ಹಾಳೆ, ಒಂದು ಪೆನ್ನು ಇಟ್ಟುಕೊಳ್ಳಿ.

ಹೆಜ್ಜೆ 1: ಅಪಾಯ ಯಾರ ಹಿಡಿತದಲ್ಲಿತ್ತು ಎಂದು ಬರೆಯಿರಿ

'ಯಾರ ತಪ್ಪು' ಎಂದು ಬರೆಯಬೇಡಿ. ಅಪಾಯವನ್ನು ಹುಟ್ಟಿಸಿದವರು ಯಾರು, ಅದನ್ನು ತೆಗೆಯುವ ಅಧಿಕಾರ ಯಾರಿಗಿತ್ತು ಎಂದು ಎರಡು ಸಾಲು ಬರೆಯಿರಿ. ನಮ್ಮ ಕಾಲುವೆಯ ವಿಷಯದಲ್ಲಿ ಅಗೆದವನು ಗುತ್ತಿಗೆದಾರ, ರಸ್ತೆ ಸ್ಥಳೀಯ ಸಂಸ್ಥೆಯದು. ಇಬ್ಬರ ಹೆಸರೂ ಹಾಳೆಯ ಮೇಲೆ ಬರಬೇಕು. ಒಬ್ಬರನ್ನೇ ಆರಿಸಿಕೊಳ್ಳುವ ಅಗತ್ಯವಿಲ್ಲ, ದಾವೆಯಲ್ಲಿ ಇಬ್ಬರನ್ನೂ ಪ್ರತಿವಾದಿಗಳಾಗಿ ಸೇರಿಸಬಹುದು. ಕೆಲಸದಾಳು ಕೆಲಸದ ನಡುವೆ ಮಾಡಿದ ನಿರ್ಲಕ್ಷ್ಯಕ್ಕೆ ಅವನ ಒಡೆಯನೂ ಉತ್ತರ ಕೊಡಬೇಕು. ಬಸ್ ಚಾಲಕನ ಅಜಾಗರೂಕತೆಗೆ ಸಾರಿಗೆ ಸಂಸ್ಥೆ ಪರಿಹಾರ ಕೊಡುವುದು ಇದೇ ನಿಯಮದಿಂದ.

ಹೆಜ್ಜೆ 2: ನೊಂದವರು ಅವರ ಕಣ್ಣಳತೆಯಲ್ಲಿ ಇದ್ದರೇ?

ಇಡೀ ವಿಷಯದ ತಿರುಳು ಇಲ್ಲಿದೆ, ಸ್ವಲ್ಪ ನಿಧಾನವಾಗಿ ನೋಡೋಣ.

1928ರ ಆಗಸ್ಟ್ 26ರಂದು ಸ್ಕಾಟ್ಲೆಂಡಿನ ಪೈಸ್ಲಿ ಪಟ್ಟಣದ ಒಂದು ಕೆಫೆಯಲ್ಲಿ ಒಬ್ಬ ಮಹಿಳೆಗೆ ಗೆಳತಿ ಶುಂಠಿ ಪಾನೀಯ ಕೊಡಿಸಿದಳು. ಒಳಗಿರುವುದು ಕಾಣದ ಗಾಢ ಬಣ್ಣದ ಬಾಟಲಿ. ಅರ್ಧ ಕುಡಿದಾದ ಮೇಲೆ ಉಳಿದದ್ದನ್ನು ಸುರಿದಾಗ ಕೊಳೆತ ಬಸವನಹುಳು ಹೊರಬಂತು ಎಂಬುದು ಆಕೆಯ ದೂರು. ಕಾಯಿಲೆ ಬಿದ್ದವಳು ಆಕೆ, ಕಾಸು ಕೊಟ್ಟವಳು ಗೆಳತಿ. ಆಕೆಗೂ ಪಾನೀಯ ತಯಾರಿಸಿದವನಿಗೂ ಯಾವ ಒಪ್ಪಂದವೂ ಇರಲಿಲ್ಲ. ಆದರೂ ತಯಾರಕನಿಗೆ ಹೊಣೆ ಇದೆ ಎಂದು 1932ರಲ್ಲಿ ಬ್ರಿಟನ್ನಿನ ಹೌಸ್ ಆಫ್ ಲಾರ್ಡ್ಸ್ ಮೂವರು ಹೌದು, ಇಬ್ಬರು ಇಲ್ಲ ಎಂಬ ಬಹುಮತದಿಂದ ತೀರ್ಪು ಕೊಟ್ಟಿತು. ಡಾನಹ್ಯೂ ಮತ್ತು ಸ್ಟೀವನ್ಸನ್ ಪ್ರಕರಣವೆಂದು ಕಾನೂನು ಓದುವ ಪ್ರತಿ ವಿದ್ಯಾರ್ಥಿಗೂ ಇದು ಗೊತ್ತು. ನ್ಯಾಯಮೂರ್ತಿ ಲಾರ್ಡ್ ಆಟ್ಕಿನ್ ಕೊಟ್ಟ ಅಳತೆಗೋಲು ಸರಳ: ನಾನು ಮಾಡುವ ಅಥವಾ ಮಾಡದೆ ಬಿಡುವ ಕೆಲಸದಿಂದ ಯಾರಿಗೆ ನೇರವಾಗಿ ಪೆಟ್ಟು ಬೀಳುವುದೆಂದು ನಾನು ಮುಂಚೆಯೇ ಯೋಚಿಸಬೇಕಿತ್ತೋ, ಅವರೇ ಕಾನೂನಿನ ಕಣ್ಣಿನಲ್ಲಿ ನನ್ನ ನೆರೆಯವರು. ಭಾರತದ ನ್ಯಾಯಾಲಯಗಳೂ ಇದೇ ಕೋಲು ಹಿಡಿದು ಅಳೆಯುತ್ತವೆ.

ಅಜ್ಜಿ 'ನೋಡಿಕೊಂಡು ನಡೆಯಬೇಕಿತ್ತು' ಎಂಬ ಮಾತಿಗೆ ಉತ್ತರ 1964ರ ಇನ್ನೊಂದು ತೀರ್ಪಿನಲ್ಲಿದೆ. ಲಂಡನ್ನಿನಲ್ಲಿ ವಿದ್ಯುತ್ ಮಂಡಳಿಯವರು ಫುಟ್‌ಪಾತ್ ಅಗೆದು, ಕಣ್ಣಿದ್ದವರಿಗೆ ಕಾಣುವಂತೆ ಒಂದು ಉದ್ದನೆಯ ಸಲಕರಣೆಯನ್ನು ಅಡ್ಡ ಇಟ್ಟಿದ್ದರು. ಕೋಲು ಹಿಡಿದು ಬಂದ ದೃಷ್ಟಿಹೀನ ವ್ಯಕ್ತಿಯೊಬ್ಬರು ಅದಕ್ಕೆ ಎಡವಿ ಬಿದ್ದು ಕೇಳುವ ಶಕ್ತಿಯನ್ನೂ ಕಳೆದುಕೊಂಡರು. ಬೀದಿಯಲ್ಲಿ ದೃಷ್ಟಿಹೀನರೂ ಓಡಾಡುತ್ತಾರೆಂಬುದು ಯಾರೂ ಊಹಿಸಲಾಗದ ಸಂಗತಿಯಲ್ಲ, ಅವರನ್ನೂ ನೆನಪಿನಲ್ಲಿಟ್ಟುಕೊಂಡೇ ಅಗೆಯಬೇಕು ಎಂದಿತು ಹೌಸ್ ಆಫ್ ಲಾರ್ಡ್ಸ್. ಬೀದಿ ಅಗೆಯುವವನು ಇಪ್ಪತ್ತೈದರ ಗಟ್ಟಿಮುಟ್ಟಾದ ಯುವಕನೊಬ್ಬನನ್ನೇ ಕಣ್ಣಮುಂದೆ ಇಟ್ಟುಕೊಂಡರೆ ಸಾಲದು. ಮಂಜುಗಣ್ಣಿನ ಅಜ್ಜಿ, ಕರೆಂಟು ಹೋದ ರಾತ್ರಿ, ಶಾಲೆ ಬಿಟ್ಟು ಓಡಿ ಬರುವ ಮಗು, ಎಲ್ಲವೂ ಅವನ ಲೆಕ್ಕದಲ್ಲಿರಬೇಕು.

ಇನ್ನು ನಮ್ಮದೇ ಸುಪ್ರೀಂ ಕೋರ್ಟಿನ ಮೂರು ತೀರ್ಪುಗಳು. ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದರೆ ಹೊಣೆ ಎಲ್ಲಿ ಶುರುವಾಗುತ್ತದೆ, ಎಲ್ಲಿ ನಿಲ್ಲುತ್ತದೆ ಎಂಬುದು ತಿಳಿಯುತ್ತದೆ.

ದೆಹಲಿಯ ಚಾಂದನಿ ಚೌಕದ ಗಡಿಯಾರ ಗೋಪುರ ಕುಸಿದು ದಾರಿಹೋಕರು ಸತ್ತರು. ಗೋಪುರಕ್ಕೆ 80 ವರ್ಷ ವಯಸ್ಸಾಗಿತ್ತು, ಅದಕ್ಕೆ ಬಳಸಿದ್ದ ಗಾರೆಯ ಬಾಳಿಕೆ 40-45 ವರ್ಷ. ಬಿರುಕು ಹೊರಗೆ ಕಾಣುತ್ತಿರಲಿಲ್ಲ ಎಂಬ ಪಾಲಿಕೆಯ ವಾದವನ್ನು 1966ರಲ್ಲಿ ಸುಪ್ರೀಂ ಕೋರ್ಟ್ ಒಪ್ಪಲಿಲ್ಲ. ಸಾರ್ವಜನಿಕ ರಸ್ತೆಯ ಮಗ್ಗುಲಿನ ಕಟ್ಟಡದ ಒಡೆಯ ಕಾಣದ ದೋಷವನ್ನೂ ಹುಡುಕಿ ನೋಡಬೇಕು ಎಂದಿತು.

1964ರಲ್ಲಿ ದೆಹಲಿಯಲ್ಲೇ ಸ್ಕೂಟರ್ ಸವಾರನೊಬ್ಬನ ತಲೆಯ ಮೇಲೆ ಮರದ ಕೊಂಬೆ ಬಿದ್ದು ಆತ ತೀರಿಕೊಂಡ. ಮರ ಒಣಗಿತ್ತು, ತೊಗಟೆ ಕಳಚಿತ್ತು, ಎಲೆ ಇರಲಿಲ್ಲ. 1999ರಲ್ಲಿ ಬಂದ ಅಂತಿಮ ತೀರ್ಪು ಪಾಲಿಕೆಯನ್ನೇ ಹೊಣೆ ಮಾಡಿತು. ಆ ಕುಟುಂಬ ಕಾದದ್ದು ಮೂವತ್ತೈದು ವರ್ಷ ಎಂಬುದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಆದರೆ ರಾಜಕೋಟೆಯಲ್ಲಿ 1975ರಲ್ಲಿ ದಾರಿಹೋಕನ ಮೇಲೆ ಮರವೇ ಉರುಳಿದ ಪ್ರಕರಣದಲ್ಲಿ ಫಲಿತಾಂಶ ತಿರುಗುಮುರುಗಾಯಿತು. ಮರ ರೋಗಪೀಡಿತವಾಗಿತ್ತೆಂದಾಗಲಿ, ಬೀಳುವ ಸೂಚನೆ ಕೊಟ್ಟಿತ್ತೆಂದಾಗಲಿ ತೋರಿಸಲಾಗಲಿಲ್ಲ. ಊರಿನ ಪ್ರತಿ ಮರವನ್ನೂ ಸದಾ ಕಾಯುತ್ತ ಕೂರುವ ಹೊಣೆಯನ್ನು ಪಾಲಿಕೆಯ ಮೇಲೆ ಹೊರಿಸಲಾಗದು ಎಂದು 1997ರಲ್ಲಿ ಸುಪ್ರೀಂ ಕೋರ್ಟ್ ಹೇಳಿ ಪರಿಹಾರದ ಆದೇಶವನ್ನು ರದ್ದು ಮಾಡಿತು.

ಒಂದು ಸತ್ತ ಮರ, ಒಂದು ಹಸಿರು ಮರ. ವ್ಯತ್ಯಾಸವೆಲ್ಲ 'ಗೊತ್ತಿತ್ತು ಅಥವಾ ಗೊತ್ತಿರಬೇಕಿತ್ತು' ಎಂಬ ಮಾತಿನಲ್ಲಿದೆ. ಹಾಗಾಗಿ ನಿಮ್ಮ ಹಾಳೆಯಲ್ಲಿ ಬರೆಯಬೇಕಾದ ಮೂರನೆಯ ಸಾಲು: ಅವರಿಗೆ ಮುಂಚೆಯೇ ಗೊತ್ತಿತ್ತು ಎನ್ನಲು ನನ್ನ ಬಳಿ ಏನಿದೆ? ಹಳೆಯ ಅರ್ಜಿ, ದಿನಾಂಕವಿರುವ ಫೋಟೊ, ಅದೇ ಜಾಗದಲ್ಲಿ ಮೊದಲು ಬಿದ್ದವರ ಹೇಳಿಕೆ, ವಾರ್ಡಿನ ವಾಟ್ಸಾಪ್ ಗುಂಪಿನಲ್ಲಿ ಅಧಿಕಾರಿಗೆ ಹಾಕಿದ ಸಂದೇಶ, ಎಲ್ಲವನ್ನೂ ಕಲೆಹಾಕಿ.

ಹೆಜ್ಜೆ 3: ಮಾಡಿದ್ದೋ, ಮಾಡದೆ ಬಿಟ್ಟದ್ದೋ?

ಆ ಒಂಬತ್ತು ದಿನವೂ ನಾನು ಆ ಕಾಲುವೆಯನ್ನು ದಾಟಿಕೊಂಡೇ ಕೋರ್ಟಿಗೆ ಹೋಗಿದ್ದೆ. ಯಾರಾದರೂ ಬಿದ್ದಾರು ಎಂದು ಅನ್ನಿಸಿಯೂ ಇತ್ತು. ನನ್ನ ಮೇಲೆ ದಾವೆ ಹೂಡಬಹುದೇ? ಆಗದು. ದಾರಿಹೋಕನ ಮೇಲೆ ಇನ್ನೊಬ್ಬರನ್ನು ಕಾಪಾಡುವ ಸಾಮಾನ್ಯ ಹೊಣೆಯನ್ನು ನಿರ್ಲಕ್ಷ್ಯದ ಕಾನೂನು ಹೊರಿಸುವುದಿಲ್ಲ. ಕೆರೆಯಲ್ಲಿ ಮುಳುಗುತ್ತಿರುವವನನ್ನು ದಡದಲ್ಲಿ ನಿಂತು ನೋಡಿದ ಅಪರಿಚಿತನೂ ಈ ಕಾನೂನಿನ ಕೈಗೆ ಸಿಗುವುದಿಲ್ಲ. ಇದು ಸರಿಯೆಂದು ನನಗೆ ಯಾವತ್ತೂ ಅನ್ನಿಸಿಲ್ಲ. ಆದರೆ ಕಾನೂನು ಇರುವುದು ಹೀಗೆ.

ಸಂಬಂಧವೊಂದು ನಡುವೆ ಬಂದೊಡನೆ ಮಾತು ಬದಲಾಗುತ್ತದೆ. ಮಕ್ಕಳನ್ನು ಪ್ರವಾಸಕ್ಕೆ ಕರೆದೊಯ್ದ ಶಾಲೆ, ಪ್ರಯಾಣಿಕರನ್ನು ಹತ್ತಿಸಿಕೊಂಡ ಬಸ್ಸು, ಕೂಲಿಯವರನ್ನು ಅಟ್ಟಣಿಗೆ ಹತ್ತಿಸಿದ ಮೇಸ್ತ್ರಿ, ಟಿಕೆಟ್ ಕೊಟ್ಟು ಒಳಗೆ ಬಿಟ್ಟ ಈಜುಕೊಳ, ಕೈದಿಯನ್ನು ಇಟ್ಟುಕೊಂಡ ಜೈಲು, ಇವರು ಯಾರೂ 'ನಾವು ಏನೂ ಮಾಡಲಿಲ್ಲ' ಎಂದು ತಪ್ಪಿಸಿಕೊಳ್ಳಲಾಗದು. 1995ರಲ್ಲಿ ಪಂಜಾಬಿನ ಶಾಲೆಯೊಂದರ ಮಕ್ಕಳನ್ನು ಬಿಯಾಸ್ ನದಿಯ ದಡಕ್ಕೆ ವಿಹಾರಕ್ಕೆ ಕರೆದೊಯ್ದಾಗ 14 ಮಕ್ಕಳು ನೀರುಪಾಲಾದರು. 2001ರಲ್ಲಿ ಸುಪ್ರೀಂ ಕೋರ್ಟ್ ಪ್ರತಿ ಮಗುವಿಗೆ 5 ಲಕ್ಷ ರೂಪಾಯಿ ಪರಿಹಾರವನ್ನು ಎತ್ತಿಹಿಡಿಯಿತು. ತಂದೆತಾಯಿ ಮಗುವಿನ ಕೈಯನ್ನು ಶಿಕ್ಷಕರ ಕೈಯಲ್ಲಿಟ್ಟ ಕ್ಷಣದಿಂದ ತಂದೆತಾಯಿಯ ಎಚ್ಚರವೇ ಶಿಕ್ಷಕರಿಗೂ ಇರಬೇಕು.

ಅಪಾಯಕ್ಕೆ ತಾನೇ ಕಾರಣನಾದವನೂ ನೋಡುತ್ತ ನಿಲ್ಲುವಂತಿಲ್ಲ. ಮೋಟಾರು ವಾಹನ ಕಾಯ್ದೆಯ 134ನೇ ಕಲಮಿನ ಪ್ರಕಾರ ಅಪಘಾತದಲ್ಲಿ ಭಾಗಿಯಾದ ವಾಹನದ ಚಾಲಕ ಗಾಯಾಳುವಿಗೆ ಚಿಕಿತ್ಸೆ ಕೊಡಿಸಲು ಕ್ರಮ ಕೈಗೊಳ್ಳಲೇಬೇಕು.

ಹೊಣೆ ಇಲ್ಲದಿದ್ದರೂ ನೆರವಿಗೆ ಧಾವಿಸಿದವರ ಬಗ್ಗೆ ಒಂದು ಮಾತು. 'ಎತ್ತಿಕೊಂಡು ಹೋದರೆ ನಮ್ಮ ತಲೆಗೇ ಬರುತ್ತೆ' ಎಂಬ ಭಯ ನಮ್ಮ ರಸ್ತೆಗಳಲ್ಲಿ ಜೀವಗಳನ್ನು ತಿನ್ನುತ್ತಿದೆ. 2019ರ ತಿದ್ದುಪಡಿಯಿಂದ ಬಂದ 134ಎ ಕಲಮು ಸದ್ಭಾವನೆಯಿಂದ ನೆರವಾದವರಿಗೆ ಸಿವಿಲ್ ಮತ್ತು ಕ್ರಿಮಿನಲ್ ಹೊಣೆಗಾರಿಕೆ ಎರಡರಿಂದಲೂ ರಕ್ಷಣೆ ಕೊಟ್ಟಿದೆ. ಕರ್ನಾಟಕ ಅದಕ್ಕೂ ಮುಂಚೆ, 2016ರಲ್ಲೇ, ಇಂಥ ನೆರವುಗಾರರ ರಕ್ಷಣೆಗೆ ತನ್ನದೇ ಕಾಯ್ದೆ ರೂಪಿಸಿತ್ತು. ಎತ್ತಿಕೊಂಡು ಹೋಗಿ, ಹೆದರಬೇಡಿ.

ಹೆಜ್ಜೆ 4: ಬರೆದಿಟ್ಟ ನಿಯಮವೇ ಇದೆಯೇ ನೋಡಿ

ಎಷ್ಟೋ ಕಡೆ ಹೊಣೆಯನ್ನು ಊಹಿಸಿ ವಾದಿಸಬೇಕಿಲ್ಲ, ಕಾಯ್ದೆಯೋ ಸುಪ್ರೀಂ ಕೋರ್ಟಿನ ಆದೇಶವೋ ಅದನ್ನು ಬರೆದೇ ಇಟ್ಟಿರುತ್ತದೆ. ನಮ್ಮ ರೈತರಿಗೆ ಎಲ್ಲಕ್ಕಿಂತ ಮುಖ್ಯವಾದದ್ದು ಕೊಳವೆಬಾವಿ. 2024ರ ಏಪ್ರಿಲ್‌ನಲ್ಲಿ ವಿಜಯಪುರ ಜಿಲ್ಲೆ ಇಂಡಿ ತಾಲ್ಲೂಕಿನ ಲಚ್ಯಾಣದಲ್ಲಿ ತೆರೆದ ಕೊಳವೆಬಾವಿಗೆ ಬಿದ್ದ ಪುಟ್ಟ ಮಗುವನ್ನು ಮರುದಿನ ಜೀವಂತ ಹೊರತೆಗೆದಾಗ ಇಡೀ ನಾಡು ನಿಟ್ಟುಸಿರು ಬಿಟ್ಟಿತು. ಎಲ್ಲ ಮಕ್ಕಳಿಗೂ ಆ ಅದೃಷ್ಟವಿರಲಿಲ್ಲ. 2010ರಲ್ಲೇ ಸುಪ್ರೀಂ ಕೋರ್ಟ್ ಇದಕ್ಕೆ ನಿಯಮ ಹಾಕಿದೆ. ಕೊರೆಯುವ 15 ದಿನ ಮುಂಚೆ ಜಮೀನಿನ ಒಡೆಯ ಸಂಬಂಧಪಟ್ಟ ಅಧಿಕಾರಿಗಳಿಗೆ ಲಿಖಿತವಾಗಿ ತಿಳಿಸಬೇಕು. ಕೊರೆಯುವಾಗ ಫಲಕ ಹಾಕಿ ಸುತ್ತ ಮುಳ್ಳುತಂತಿ ಬೇಲಿ ಕಟ್ಟಬೇಕು. ಕೇಸಿಂಗ್ ಪೈಪಿನ ಸುತ್ತ ಸಿಮೆಂಟ್ ಕಟ್ಟೆ ಬೇಕು: ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ, ನೆಲದ ಮೇಲೆ 30 ಸೆಂಟಿಮೀಟರ್, ನೆಲದೊಳಗೆ 30 ಸೆಂಟಿಮೀಟರ್. ಪೈಪಿನ ಬಾಯಿಗೆ ಉಕ್ಕಿನ ತಟ್ಟೆ ಬೆಸುಗೆ ಹಾಕಬೇಕು, ಇಲ್ಲವೇ ಬೋಲ್ಟ್ ಬಿಗಿದ ಮುಚ್ಚಳ ಹಾಕಬೇಕು. ನೀರು ಸಿಗದೆ ಕೈಬಿಟ್ಟ ಬಾವಿಯನ್ನು ತಳದಿಂದ ನೆಲದ ಮಟ್ಟದವರೆಗೆ ಮಣ್ಣು, ಮರಳು, ಕಲ್ಲಿನಿಂದ ತುಂಬಬೇಕು. ಬಾಯಿಗೆ ಗೋಣಿಚೀಲ ಹೊದಿಸಿ ಮೇಲೆ ಕಲ್ಲಿಟ್ಟರೆ ಹೊಣೆ ತೀರಲಿಲ್ಲ.

ವಿದ್ಯುತ್ ತಂತಿಯ ವಿಷಯದಲ್ಲಿ ಕಾನೂನು ಇನ್ನೂ ಬಿಗಿ. ರಸ್ತೆಯ ಮೇಲೆ ಬಿದ್ದ, ಕರೆಂಟು ಹರಿಯುತ್ತಿದ್ದ ತಂತಿ ತಗುಲಿ ಸೈಕಲ್ ಸವಾರನೊಬ್ಬ ಸತ್ತಾಗ, ಯಾರೋ ಕಳ್ಳತನದಿಂದ ಎಳೆದುಕೊಂಡ ತಂತಿ ಅದು ಎಂದು ಮಧ್ಯಪ್ರದೇಶ ವಿದ್ಯುತ್ ಮಂಡಳಿ ವಾದಿಸಿತು. ಇಷ್ಟು ಅಪಾಯದ ವಸ್ತುವನ್ನು ಸಾಗಿಸುವವರು ನಿರ್ಲಕ್ಷ್ಯ ಸಾಬೀತಾಗದಿದ್ದರೂ ಪರಿಹಾರ ಕೊಡಬೇಕು ಎಂದು 2002ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ತಂತಿಯಿಂದ ಸಾವಾಗಿದ್ದರೆ ಮೊದಲು ಈ ದಾರಿ ನೋಡಿ.

ಹದಿನೆಂಟು ತುಂಬದ ಮಗನಿಗೆ ಬೈಕಿನ ಕೀಲಿ ಕೊಟ್ಟ ಅಪ್ಪನಿಗೆ ಮೋಟಾರು ವಾಹನ ಕಾಯ್ದೆಯ 199ಎ ಅನ್ವಯಿಸುತ್ತದೆ: ಮೂರು ವರ್ಷದವರೆಗೆ ಜೈಲು, 25,000 ರೂಪಾಯಿ ದಂಡ. ರಕ್ಷಣಾ ಸಲಕರಣೆ ಇಲ್ಲದೆ ಶೌಚಗುಂಡಿಗೆ ಮನುಷ್ಯನನ್ನು ಇಳಿಸುವುದನ್ನು 2013ರ ಕಾಯ್ದೆ ನಿಷೇಧಿಸಿದೆ, ಒಳಚರಂಡಿ ಸಾವಿಗೆ ಪರಿಹಾರವನ್ನು ಸುಪ್ರೀಂ ಕೋರ್ಟ್ 2023ರ ಅಕ್ಟೋಬರ್‌ನಲ್ಲಿ 30 ಲಕ್ಷಕ್ಕೆ ಏರಿಸಿದೆ. ಕಟ್ಟಡ ಕೆಡವುವಾಗಿನ ಅಜಾಗರೂಕತೆ, ಸಾಕಿದ ಪ್ರಾಣಿಯನ್ನು ಹಿಡಿತದಲ್ಲಿಡದಿರುವುದು ಭಾರತೀಯ ನ್ಯಾಯ ಸಂಹಿತೆಯಲ್ಲಿ ಬೇರೆ ಬೇರೆ ಅಪರಾಧಗಳೇ ಆಗಿವೆ.

ಹೆಜ್ಜೆ 5: 'ನನ್ನ ಜಾಗಕ್ಕೆ ಅವನೇ ನುಗ್ಗಿದ' ಎಂಬ ಮಾತನ್ನು ಪರೀಕ್ಷಿಸಿ

ಕಾಡಂಚಿನ ಊರುಗಳಲ್ಲಿ, ಕಾಡುಹಂದಿಯ ಕಾಟ ತಾಳಲಾರದೆ ಬೇಲಿಗೆ ನೇರ ಕರೆಂಟು ಕೊಡುವವರಿಗೆ ಈ ಹೆಜ್ಜೆ. ಬೆಳೆ ಕಳೆದುಕೊಂಡ ರೈತನ ನೋವು ನನಗೆ ಗೊತ್ತು. ಆದರೂ ಇದನ್ನು ಓದಿ. ಬಿಹಾರದಲ್ಲಿ ಒಬ್ಬಾತ ತನ್ನ ಶೌಚಾಲಯಕ್ಕೆ ನೆರೆಯವರು ಬರುತ್ತಾರೆಂದು ಅಲ್ಲಿ ವಿದ್ಯುತ್ ಹರಿಯುವ ತಂತಿ ಬಿಗಿದ. ಎಚ್ಚರಿಕೆಯ ಫಲಕವಿರಲಿಲ್ಲ. ನೆರೆಯ ಹೆಂಗಸೊಬ್ಬರು ತಂತಿ ತಗುಲಿ ಸತ್ತರು. ಅವರು ಅತಿಕ್ರಮವಾಗಿ ಬಂದವರು ಎಂಬ ವಾದ 1963ರಲ್ಲಿ ಸುಪ್ರೀಂ ಕೋರ್ಟಿನಲ್ಲಿ ನಿಲ್ಲಲಿಲ್ಲ. ಅತಿಕ್ರಮ ಪ್ರವೇಶ ಮಾಡಿದ ಮಾತ್ರಕ್ಕೆ ಮನುಷ್ಯ ಕಾನೂನಿನ ರಕ್ಷಣೆ ಕಳೆದುಕೊಳ್ಳುವುದಿಲ್ಲ, ಅವನಿಗಾಗಿ ಬಲೆ ಒಡ್ಡುವ ಹಕ್ಕು ಜಾಗದ ಒಡೆಯನಿಗೂ ಇಲ್ಲ. ಆತನಿಗೆ ಶಿಕ್ಷೆ ಖಾಯಂ ಆಯಿತು. ಕರೆಂಟಿನ ಬೇಲಿಗೆ ಸೌದೆ ತರಲು ಬಂದವರು, ದನ ಹುಡುಕುತ್ತ ಬಂದ ಹುಡುಗ, ಕೆಲವೊಮ್ಮೆ ಮನೆಯವರೇ ಬಲಿಯಾಗಿದ್ದಾರೆ. ಬೇಲಿ ಬೇಕೇಬೇಕೆಂದರೆ ಬಿಟ್ಟುಬಿಟ್ಟು ಮಿಡಿತ ಕೊಡುವ ಸೌರ ಬೇಲಿ ಹಾಕಿ, ಮೇನ್ ಲೈನಿನಿಂದ ತಂತಿ ಎಳೆಯಬೇಡಿ.

ನೊಂದವರದೂ ಸ್ವಲ್ಪ ತಪ್ಪಿದ್ದರೆ ಎದುರಿನವರ ಹೊಣೆ ಪೂರ್ತಿ ಅಳಿಯುವುದಿಲ್ಲ, ಪರಿಹಾರದ ಮೊತ್ತದಲ್ಲಿ ಅಷ್ಟು ಪಾಲು ಕಡಿತವಾಗುತ್ತದೆ. ಪುಟ್ಟ ಮಕ್ಕಳ ವಿಷಯದಲ್ಲಿ ಆ ಕಡಿತವೂ ಸಲ್ಲದು.

ಹೆಜ್ಜೆ 6: ವೈದ್ಯರಾದರೆ

ಗುಣವಾಗದಿರುವುದೇ ನಿರ್ಲಕ್ಷ್ಯವಲ್ಲ. ರೋಗಿ ವೈದ್ಯರ ಸಲಹೆ ಕೇಳಿ ಬಂದ ಕ್ಷಣದಿಂದ ಮೂರು ಹೊಣೆಗಳು ಹುಟ್ಟುತ್ತವೆ ಎಂದು 1968ರಲ್ಲೇ ಸುಪ್ರೀಂ ಕೋರ್ಟ್ ಹೇಳಿದೆ: ಈ ರೋಗಿಯನ್ನು ತೆಗೆದುಕೊಳ್ಳಬಹುದೇ ಎಂದು ನಿರ್ಧರಿಸುವಾಗ, ಯಾವ ಚಿಕಿತ್ಸೆ ಎಂದು ತೀರ್ಮಾನಿಸುವಾಗ, ಆ ಚಿಕಿತ್ಸೆ ಕೊಡುವಾಗ. ಜೀವ ಹೋಗುವ ತುರ್ತಿನಲ್ಲಿ ಪೊಲೀಸ್ ಕಾಗದಕ್ಕಾಗಿ ಕಾಯದೆ ಚಿಕಿತ್ಸೆ ಕೊಡಬೇಕು ಎಂಬುದು 1989ರ ತೀರ್ಪು. ಹಣ ಪಡೆವ ಆಸ್ಪತ್ರೆಗಳು 1995ರ ತೀರ್ಪಿನಿಂದ ಗ್ರಾಹಕ ಕಾನೂನಿನ ವ್ಯಾಪ್ತಿಗೆ ಬಂದಿವೆ. ಎಲ್ಲರಿಗೂ ಉಚಿತ ಚಿಕಿತ್ಸೆ ಕೊಡುವ ಆಸ್ಪತ್ರೆಯಾದರೆ ಸಿವಿಲ್ ನ್ಯಾಯಾಲಯದ ದಾರಿ ಹಿಡಿಯಬೇಕು. ಚಿಕಿತ್ಸೆಯ ದಾಖಲೆಗಳ ಪ್ರತಿಯನ್ನು ಮೊದಲೇ ಲಿಖಿತವಾಗಿ ಕೇಳಿ ಪಡೆಯಿರಿ.

ಹೆಜ್ಜೆ 7: ಎಲ್ಲಿಗೆ, ಎಷ್ಟು ದಿನದೊಳಗೆ

ವಾಹನ ಅಪಘಾತವಾದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿ. 2022ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮದಂತೆ ಅಪಘಾತದ ದಿನದಿಂದ ಆರು ತಿಂಗಳ ಗಡುವಿದೆ. ಆ ಗಡುವನ್ನು ಪ್ರಶ್ನಿಸಿದ ಅರ್ಜಿಗಳು ಸುಪ್ರೀಂ ಕೋರ್ಟಿನವರೆಗೆ ಹೋಗಿರುವುದರಿಂದ ತಡವಾಗಿದ್ದರೂ ವಕೀಲರನ್ನು ಕೇಳದೆ ಕೈಬಿಡಬೇಡಿ. ಹಣ ಕೊಟ್ಟು ಪಡೆದ ಸೇವೆ ಅಥವಾ ವಸ್ತುವಿನಿಂದ ಹಾನಿಯಾದರೆ ಜಿಲ್ಲಾ ಗ್ರಾಹಕ ಆಯೋಗ, ಎರಡು ವರ್ಷ. ಉಳಿದದ್ದಕ್ಕೆ ಸಿವಿಲ್ ದಾವೆ: ಗಾಯಕ್ಕೆ ಸಾಮಾನ್ಯವಾಗಿ ಮೂರು ವರ್ಷ, ಸಾವಿಗೆ ಎರಡು ವರ್ಷ. ಸರ್ಕಾರದ ವಿರುದ್ಧವಾದರೆ ಎರಡು ತಿಂಗಳ ಮುಂಚಿತ ನೋಟಿಸ್ ಕೊಡಬೇಕು. ಕಾಯ್ದೆಯಡಿ ಕೆಲಸ ಮಾಡುವ ಸಂಸ್ಥೆಗಳು ಒಂದೇ ವರ್ಷದ ಗಡುವಿನ ತಕರಾರು ತೆಗೆಯುವುದುಂಟು. ಆದ್ದರಿಂದ ಪಾಲಿಕೆ, ಪಂಚಾಯಿತಿಯ ವಿರುದ್ಧ ಹೋಗುವವರು ಒಂದು ವರ್ಷವೇ ತಮಗಿರುವುದು ಎಂದುಕೊಳ್ಳಿ.

ಠಾಣೆಯ ಪ್ರಕರಣ ಬೇರೆ. ನಿರ್ಲಕ್ಷ್ಯದಿಂದ ಸಾವಾದರೆ ನ್ಯಾಯ ಸಂಹಿತೆಯ 106ನೇ ಕಲಮಿನಡಿ ಐದು ವರ್ಷದವರೆಗೆ ಶಿಕ್ಷೆಯಾಗಬಹುದು. ಆದರೆ ಅಲ್ಲಿ ಪುರಾವೆಯ ಮಟ್ಟ ಎತ್ತರ. ರಸ್ತೆಗೆ ದಿಢೀರನೆ ಓಡಿಬಂದ ಮಗುವನ್ನು ಉಳಿಸಲು ಬಸ್ಸನ್ನು ಬಲಕ್ಕೆ ತಿರುಗಿಸಿದ ಚಾಲಕನನ್ನು ಸುಪ್ರೀಂ ಕೋರ್ಟ್ 1979ರಲ್ಲಿ ಬಿಡುಗಡೆ ಮಾಡಿತು. ಸೈಯದ್ ಅಕ್ಬರ್ ಪ್ರಕರಣವೆಂದು ಪ್ರಸಿದ್ಧವಾದ ಅದು ಕರ್ನಾಟಕದ್ದೇ. ಠಾಣೆಯ ಕೇಸು ಬಿದ್ದುಹೋಯಿತೆಂದು ಪರಿಹಾರದ ದಾರಿಯನ್ನೂ ಮುಚ್ಚಿಕೊಳ್ಳಬೇಡಿ. ಎಫ್‌ಐಆರ್, ಸ್ಥಳ ಮಹಜರು, ಗಾಯದ ಪ್ರಮಾಣಪತ್ರ, ಈ ಮೂರರ ಪ್ರತಿ ಎರಡಕ್ಕೂ ಬೇಕು.

ವಕೀಲರಿಗೆ ಕೊಡಲು ಹಣವಿಲ್ಲವೆಂದರೆ ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ, ಸಹಾಯವಾಣಿ 15100. ಮಹಿಳೆಯರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರಿಗೆ ಆದಾಯ ಎಷ್ಟಿದ್ದರೂ ವಕೀಲರ ನೆರವು ಉಚಿತ.

ಹೆಜ್ಜೆ 8: ಅವಘಡಕ್ಕೆ ಮುಂಚಿನ ಪತ್ರ

ಅಜ್ಜಿಯ ವಿಷಯದಲ್ಲಿ ನಮ್ಮ ಕೈಹಿಡಿದದ್ದು ಎದುರುಮನೆಯ ಹುಡುಗ ಮೂರನೆಯ ದಿನ ಮೊಬೈಲಿನಲ್ಲಿ ತೆಗೆದಿದ್ದ ಒಂದು ಚಿತ್ರ. ಕಾಲುವೆ ಅಷ್ಟು ದಿನ ತೆರೆದಿತ್ತೆಂಬುದಕ್ಕೆ ಅದೊಂದೇ ಪುರಾವೆ. ಗುತ್ತಿಗೆದಾರ ಆಸ್ಪತ್ರೆಯ ಖರ್ಚು ಕೊಟ್ಟ. ಅಜ್ಜಿ ಈಗಲೂ ವಾಕರ್ ಹಿಡಿದೇ ನಡೆಯುತ್ತಾರೆ. ಇಡೀ ಬೀದಿಯಲ್ಲಿ ಒಬ್ಬರೂ, ನಾನೂ ಸೇರಿ, ಕಚೇರಿಗೆ ಒಂದು ಅರ್ಜಿ ಬರೆದಿರಲಿಲ್ಲ. ದಾರಿಹೋಕನ ಮೇಲೆ ಕಾನೂನು ಹೊಣೆ ಹೊರಿಸದಿರಬಹುದು, ಆದರೆ ದಾರಿಹೋಕ ಬರೆದ ಪತ್ರ ಹೊಣೆ ಇರುವವರನ್ನು ಕಟ್ಟಿಹಾಕುತ್ತದೆ. ಆ ದಿನದಿಂದ ಅವರಿಗೆ 'ಗೊತ್ತಿರಲಿಲ್ಲ' ಎನ್ನಲಾಗದು. ಈಗ ನಾನು ಬರೆಯುವುದು ಹೀಗೆ:

"ಇವರಿಗೆ, ಕಾರ್ಯನಿರ್ವಾಹಕ ಎಂಜಿನಿಯರ್ / ಪಂಚಾಯಿತಿ ಅಭಿವೃದ್ಧಿ ಅಧಿಕಾರಿ. ವಿಷಯ: ಇಂಥ ಬೀದಿಯಲ್ಲಿ ಇಂಥ ಮನೆಯ ಎದುರು ಇರುವ ಒಣಮರ / ತೆರೆದ ಗುಂಡಿ / ಜೋತುಬಿದ್ದ ತಂತಿಯ ಬಗ್ಗೆ. ಇದು ಇಂಥ ದಿನಾಂಕದಿಂದ ಈ ಸ್ಥಿತಿಯಲ್ಲಿದೆ. ಶಾಲಾ ಮಕ್ಕಳು ಮತ್ತು ವೃದ್ಧರು ದಿನವೂ ಇದರ ಪಕ್ಕದಲ್ಲೇ ನಡೆಯುತ್ತಾರೆ, ಜೀವಹಾನಿಯಾಗುವ ಸಂಭವವಿದೆ. ತಕ್ಷಣ ತಡೆಬೇಲಿ ಹಾಕಿಸಿ, ಏಳು ದಿನದೊಳಗೆ ಸರಿಪಡಿಸಬೇಕೆಂದು ಕೋರುತ್ತೇನೆ. ಫೋಟೊ ಲಗತ್ತಿಸಿದೆ."

ಎರಡು ಪ್ರತಿ ಮಾಡಿ. ಒಂದನ್ನು ಟಪಾಲು ಶಾಖೆಯಲ್ಲಿ ಕೊಟ್ಟು, ಇನ್ನೊಂದರ ಮೇಲೆ ಮೊಹರು, ದಿನಾಂಕ, ಸಹಿ ಹಾಕಿಸಿಕೊಳ್ಳಿ. ಹಾಕಿಕೊಡದಿದ್ದರೆ ಅಂಚೆ ಕಚೇರಿಯಿಂದ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿಯನ್ನು ಆ ಪ್ರತಿಗೆ ಪಿನ್ ಮಾಡಿ ಇಟ್ಟುಕೊಳ್ಳಿ.